ಅಳತೆಯ ಬಳೆಗಳ ಹಗ್ಗ

"ಗುರುಗಳೇ, ನೆರೆಯಲ್ಲಿ ಏನನ್ನೂ ಕಳೆದುಕೊಳ್ಳದವನಿಗೆ ಏನು ಕೊಡಬೇಕು?"

ಶಿಷ್ಯ ಹೀಗೆ ಕೇಳಿದ. ಅವನ ಕೈಯಲ್ಲಿ ಒಂದು ಪಟ್ಟಿ ಇತ್ತು. ಹೊಳೆ ಇಳಿದು ಹದಿನೈದು ದಿನವಾಗಿತ್ತು. ಕೆಳಗಿನ ಪಟ್ಟಣದ ಪೇಟೆಯಲ್ಲಿ ಯಾವ ಅಂಗಡಿಗೆ ಏನು ಬೇಕೆಂದು ಕೇಳಿ ಬರೆದುಕೊಂಡು ಬಾ ಎಂದು ಗುರುಗಳೇ ಅವನನ್ನು ಕಳುಹಿಸಿದ್ದರು. ಅವನು ನಾಲ್ಕು ದಿನ ಕೆಸರಿನಲ್ಲಿ ನಡೆದು, ಅಂಗಡಿ ಅಂಗಡಿ ಹತ್ತಿ ಇಳಿದು, ಬರೆದುಕೊಂಡು ಬಂದಿದ್ದ.

"ಯಾರವನು?" ಎಂದರು ಗುರುಗಳು. ಅವರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಒಬ್ಬ ಕ್ಷೌರಿಕ. ಅವನ ಕತ್ತಿ ಉಳಿದಿದೆ, ಕತ್ತರಿ ಉಳಿದಿದೆ, ಕನ್ನಡಿಗೆ ಒಂದು ಗೀರೂ ಬಿದ್ದಿಲ್ಲ. ಆದರೂ ದಿನವಿಡೀ ಬಾಗಿಲಲ್ಲಿ ಕೂತು ದಾರಿ ನೋಡುತ್ತಾನೆ. ಏನು ಬೇಕಪ್ಪ ಎಂದು ಕೇಳಿದೆ. ನನ್ನ ಬೋಳುತಲೆ ನೋಡಿ, 'ನೀವು ಬಂದೂ ನನಗೆ ಕೆಲಸವಿಲ್ಲವಲ್ಲ ಸ್ವಾಮಿ' ಎಂದು ನಕ್ಕ. ಸೋಮಾರಿಯೋ, ಆಸೆಬುರುಕನೋ ತಿಳಿಯಲಿಲ್ಲ. ಅವನ ಹೆಸರಿನ ಮುಂದೆ 'ನಷ್ಟವಿಲ್ಲ' ಎಂದು ಬರೆದೆ. ಅಲ್ಲಿಗೆ ಪಟ್ಟಿ ಮುಗಿಯಿತು."

ಗುರುಗಳು ಹೊಸೆದ ಬತ್ತಿಯನ್ನು ಪಕ್ಕಕ್ಕಿಟ್ಟರು. "ಕೂತುಕೋ" ಎಂದರು. ಆಮೇಲೆ ಹೇಳತೊಡಗಿದರು.

ಹೊಳೆಯ ದಂಡೆಯಲ್ಲಿ ಒಂದು ಪಟ್ಟಣವಿತ್ತು. ಎತ್ತರದಲ್ಲಿ ಮೇಲಿನ ಕೇರಿ, ನಡುವೆ ಪೇಟೆ, ಹೊಳೆಯ ಮಗ್ಗುಲಲ್ಲಿ ಕೆಳಗಿನ ಕೇರಿ. ಕೆಳಗಿನ ಕೇರಿಯವರು ಬಟ್ಟೆಗೆ ನೀಲಿ ಹಾಕುವವರು. ನೆಲದಲ್ಲಿ ಕುತ್ತಿಗೆಯವರೆಗೆ ಹೂತ ದೊಡ್ಡ ಬಾನಿಗಳಲ್ಲಿ ಅವರ ಬಣ್ಣ ಇರುತ್ತಿತ್ತು. ಗಂಡಸರು ಬಟ್ಟೆ ಹೊತ್ತು ತರುವರು, ಹೆಂಗಸರು ಮೊಣಕೈವರೆಗೆ ಕೈ ಇಳಿಸಿ ಅದ್ದುವರು. ಹಾಗಾಗಿ ಆ ಕೇರಿಯ ಹೆಂಗಸರ ಕೈ ಹುಟ್ಟಿದಾಗ ಒಂದು ಬಣ್ಣ, ಬದುಕಿದಾಗ ಒಂದು ಬಣ್ಣ.

ಪೇಟೆಯಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಅವಳ ಗಂಡ ಮಲಾರ ಹೊತ್ತು, ಎಂದರೆ ಪೋಣಿಸಿದ ಬಳೆಗಳ ಹೊರೆಯನ್ನು ಹೆಗಲಿಗೆ ಹಾಕಿಕೊಂಡು, ಮನೆಮನೆಗೆ ತಿರುಗುತ್ತಿದ್ದವನು. ಅವನು ಸತ್ತಾಗ ಅವಳಿಗೆ ಇಪ್ಪತ್ತೆರಡು ವರ್ಷ. ನಾಲ್ಕು ಜನ ಸೇರಿ ಅವಳ ಕೈಯ ಬಳೆ ತೆಗೆಸಿದರು. ಆ ಬರಿಗೈಯಲ್ಲೇ ಅವಳು ಮಲಾರ ಎತ್ತಿಕೊಂಡಳು.

ಮೊದಲು ಮೇಲಿನ ಕೇರಿಗೆ ಹೋದಳು. ಅಲ್ಲಿನ ಹೆಂಗಸರು ಬಾಗಿಲಲ್ಲೇ ನಿಂತು, "ಬಳೆ ತೆಗೆದವಳ ಕೈಯಿಂದ ಬಳೆ ತೊಡುವುದುಂಟೇನೇ?" ಎಂದರು. ಒಬ್ಬಳು ಅವಳು ನಿಂತ ಹೊಸ್ತಿಲಿಗೆ ನೀರು ಹಾಕಿಸಿದಳು. ಬಳೆಗಾರ್ತಿ ಅದನ್ನು ತಿರುಗಿ ನೋಡಿದಳು. ಪೇಟೆಗೆ ಇಳಿದು ಬಂದು, ಒಂದು ಮುರುಕು ಮಳಿಗೆ ಹಿಡಿದು, ತಾನೇ ಮಣ್ಣು ಕಲಸಿ ಗೋಡೆ ಮೆತ್ತಿ, ಗೂಟ ಹೊಡೆದು, ಮಲಾರವನ್ನು ಆ ಗೂಟಕ್ಕೆ ತೂಗುಹಾಕಿದಳು.

"ಇನ್ನು ಇದು ನನ್ನ ಹೆಗಲಿಗೆ ಬರುವುದಿಲ್ಲ. ನಾನು ಯಾರ ಬಾಗಿಲಿಗೂ ಹೋಗುವವಳಲ್ಲ. ಬೇಕಾದವರು ಬರಲಿ" ಎಂದಳು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಆದರೂ ಮಾತು ಮಾತೇ.

ಇಪ್ಪತ್ತು ದಿನ ಯಾರೂ ಬರಲಿಲ್ಲ. ಇಪ್ಪತ್ತೊಂದನೆಯ ದಿನ ಸಂಜೆ ಕೆಳಗಿನ ಕೇರಿಯ ತಂಗೆವ್ವ ಎಂಬವಳು ಮೆಟ್ಟಿಲು ಹತ್ತಿ ಬಂದಳು. ಬಾಗಿಲ ನಿಲುವಿಗೆ ಕೈ ಊರಿ ನಿಂತಳು. ಕೈ ಇನ್ನೂ ಒದ್ದೆ, ಉಗುರಿನವರೆಗೆ ನೀಲಿ.

"ನಿನ್ನ ಕೈ ನೋಡಿ ಮೇಲಿನವರು ದೂರ ಸರಿದರಂತೆ" ಎಂದಳು. "ನನ್ನ ಕೈ ನೋಡಿಯೂ ಸರಿಯುತ್ತಾರೆ. ದೂರದವರು ಇಬ್ಬರು ಹತ್ತಿರ ಕೂತರೆ ಯಾರ ಗಂಟೇನು ಹೋಗುತ್ತದೆ? ತೊಡಿಸು."

ಬಳೆಗಾರ್ತಿ ಆ ಒದ್ದೆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳನ್ನು ಒಳಗೆ ಮಡಚಿ, ಹಸ್ತವನ್ನು ಒತ್ತಿ, ಬಳೆ ದಾಟಿಸಿದಳು. ಅವಳ ಸೀರೆಗೆ ನೀಲಿ ಹತ್ತಿತು. ಬಾಗಿಲ ನಿಲುವಿನ ಮೇಲೆ ಐದು ಬೆರಳು ಮೂಡಿತ್ತು. ಅದನ್ನು ಅವಳು ಒರೆಸಲಿಲ್ಲ.

ಮರುದಿನ ತಂಗೆವ್ವ ಇನ್ನೊಬ್ಬಳನ್ನು ಕರೆತಂದಳು. ವಾರದಲ್ಲಿ ಕೇರಿಯೇ ಬಂತು.

ಆ ಹೆಂಗಸರಿಗೆ ಕೂತು ಬಳೆ ಆರಿಸುವ ಹೊತ್ತಿರಲಿಲ್ಲ. ಬಾನಿಯಿಂದ ಕೈ ತೆಗೆದು ಒಲೆಗೆ ಕೈ ಹಾಕುವ ನಡುವೆ ಒಂದು ಗಳಿಗೆ ಸಿಕ್ಕರೆ ಓಡಿ ಬರುವರು. ಅದಕ್ಕಾಗಿ ಬಳೆಗಾರ್ತಿ ಒಂದು ಉಪಾಯ ಮಾಡಿದಳು. ಒಬ್ಬಳಿಗೆ ಮೊದಲ ಸಲ ತೊಡಿಸಿದಾಗ, ಅದೇ ಅಳತೆಯ ಇನ್ನೊಂದು ಬಳೆಯನ್ನು ಒಂದು ಹಗ್ಗಕ್ಕೆ ಕಟ್ಟುವಳು. ತೊಟ್ಟವಳ ಸೆರಗಿನಿಂದ ಒಂದು ಎಳೆ ಕಿತ್ತು ಅದಕ್ಕೆ ಸುತ್ತುವಳು. ಮುಂದೆ ಅವಳು ಬರುವ ಮೊದಲೇ ಅವಳ ಅಳತೆಯ ಬಳೆ ತೆಗೆದಿಟ್ಟಿರುವಳು. ವರ್ಷಗಳು ಹೋದ ಹಾಗೆ ಹಗ್ಗ ಉದ್ದವಾಯಿತು. ಕೇರಿಯ ಹುಡುಗಿಯರು ದೊಡ್ಡವರಾದರೆ ಬಳೆ ಬಿಚ್ಚಿ ದೊಡ್ಡದು ಕಟ್ಟುವಳು. ಸತ್ತವರ ಬಳೆಯನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಹೀಗೆ ಇಪ್ಪತ್ತಾರು ವರ್ಷ ನಡೆಯಿತು. ಮೇಲಿನ ಕೇರಿಯವರೂ ಕೊನೆಗೆ ಬರತೊಡಗಿದರು. ಬಂದವರಿಗೆ ತೊಡಿಸಿದಳು. ಆದರೆ ಅವರ ಅಳತೆಯನ್ನು ಹಗ್ಗಕ್ಕೆ ಕಟ್ಟಲಿಲ್ಲ.

ಒಂದು ಶ್ರಾವಣ ಹೊಳೆ ಏರಿತು.

ನೀರು ಕೆಳಗಿನ ಕೇರಿಯನ್ನು ನುಂಗಿ, ಪೇಟೆಯ ಮೆಟ್ಟಿಲು ಹತ್ತಿತು. ವರ್ತಕರು ಕೈಗೆ ಸಿಕ್ಕಿದ್ದನ್ನು ಹೊತ್ತು ಮೇಲಿನ ಕೇರಿಯ ಗುಡಿಗೆ ಓಡಿದರು. ಬಳೆಗಾರ್ತಿ ಹಗ್ಗವನ್ನು ಕೊರಳಿಗೆ ಹಾಕಿಕೊಂಡು ಬಂದಳು. ಬೇರೇನೂ ತರಲಿಲ್ಲ.

ಬೆಲ್ಲದ ವರ್ತಕ ಅವಳನ್ನು ನೋಡಿ, "ಎಲ್ಲರೂ ಪೆಟ್ಟಿಗೆ ತಂದರೆ ಇವಳು ಜೋಡಿಯಿಲ್ಲದ ಬಳೆ ತಂದಿದ್ದಾಳೆ. ಏನವ್ವ, ಹೊಳೆಗೆ ತೊಡಿಸುವವಳೋ?" ಎಂದ.

"ನೀನು ಹೊಳೆಗೆ ಬೆಲ್ಲ ತಿನ್ನಿಸಿದ್ದೀಯಲ್ಲ, ಬಳೆ ನಾನು ತೊಡಿಸುತ್ತೇನೆ. ಮದುವೆಗೆ ಇನ್ನೇನು ಉಳಿಯಿತು?" ಎಂದಳು ಅವಳು. ಗುಡಿಯಲ್ಲಿ ಇದ್ದವರು ಅಂಥ ಹೊತ್ತಿನಲ್ಲೂ ನಕ್ಕರು.

ಆರು ದಿನಕ್ಕೆ ನೀರು ಇಳಿಯಿತು. ಕೆಳಗಿನ ಕೇರಿಯಲ್ಲಿ ಗೋಡೆಯೊಂದೂ ನಿಂತಿರಲಿಲ್ಲ. ಪಟ್ಟಣದ ಹಿರಿಯರು ಆ ಕೇರಿಯವರನ್ನು ಗಾಡಿಗಳಲ್ಲಿ ಹತ್ತಿಸಿ, ಎರಡು ಹರದಾರಿ ದೂರದ ಕಲ್ಲುಗಣಿಯ ಗುಡ್ಡಕ್ಕೆ ಕಳುಹಿಸಿದರು. ಗಾಡಿಗಳು ಹೋಗುವಾಗ ಬಳೆಗಾರ್ತಿ ತನ್ನ ಮಳಿಗೆಯಲ್ಲಿ ಮೊಣಕಾಲುದ್ದ ಕೆಸರು ಎತ್ತುತ್ತಿದ್ದಳು. ತಂಗೆವ್ವ ಗಾಡಿಯಿಂದ ಕೂಗಿದಳಂತೆ. ಕೆಸರು ಎತ್ತುವ ಸದ್ದಿನಲ್ಲಿ ಅದು ಇವಳಿಗೆ ಕೇಳಿಸಲಿಲ್ಲ.

ಹಿರಿಯರು ಇಬ್ಬರನ್ನು ನೇಮಿಸಿದರು. ಜನರಿಗೆ ಏನು ಬೇಕೆಂದು ಬರೆಯಲು ಒಬ್ಬ, ಅಂಗಡಿಗಳಿಗೆ ಏನು ಬೇಕೆಂದು ಬರೆಯಲು ಒಬ್ಬ. ಅಂಗಡಿ ಬರೆಯುವವನು ಒಬ್ಬ ಧಾನ್ಯದ ವರ್ತಕ. ಒಳ್ಳೆಯ ಮನುಷ್ಯ. ಅವನ ಧಾನ್ಯವೆಲ್ಲ ಅಂಗಡಿಯಲ್ಲೇ ಮೊಳಕೆಯೊಡೆದಿತ್ತು, ಆದರೂ ತನ್ನ ಹೆಸರನ್ನು ಪಟ್ಟಿಯ ಕೊನೆಯಲ್ಲಿ ಬರೆದುಕೊಂಡವನು. ಅವನಿಗೆ ಇದ್ದದ್ದು ಒಂದೇ ಆಸೆ, ದೀಪಾವಳಿಯ ಹೊತ್ತಿಗೆ ಪೇಟೆ ಮೊದಲಿನಂತೆ ಗಿಜಿಗುಡಬೇಕು ಎಂಬುದು. ಅವನು ಅಂಗಡಿಯಿಂದ ಅಂಗಡಿಗೆ ಹೋಗಿ ಮೂರು ಪ್ರಶ್ನೆ ಕೇಳುತ್ತಿದ್ದ. ಏನಿತ್ತು? ಏನು ಹೋಯಿತು? ಏನು ಬೇಕು?

ಎಣ್ಣೆಯವನು ಗಾಣದ ಮರ ಕೇಳಿದ. ಬಟ್ಟೆಯವನು ಬಟ್ಟೆ ಕೇಳಿದ. ಬೆಲ್ಲದವನು, "ನನ್ನನ್ನು ಏನು ಕೇಳುತ್ತೀರಿ, ಈ ವರ್ಷ ಮೀನು ಹಿಡಿದವರನ್ನು ಕೇಳಿ, ಸಾರಿಗೆ ಬೆಲ್ಲ ಹಾಕಬೇಕಾಗಿಲ್ಲ" ಎಂದು, ಆಮೇಲೆ ಕಣ್ಣೊರೆಸಿಕೊಂಡು ಇಪ್ಪತ್ತು ಗಾಡಿ ಬೆಲ್ಲ ಬರೆಸಿದ.

ಬಳೆಗಾರ್ತಿಯ ಮಳಿಗೆಗೆ ಬಂದಾಗ ಅವಳು ಬಳೆ ತೊಳೆಯುತ್ತಿದ್ದಳು. ಗಾಜು ಕೆಸರಿನ ಅಡಿಯಲ್ಲಿ ಹಾಗೇ ಉಳಿದಿತ್ತು. ತೊಳೆದು ಸಾಲಾಗಿ ಇಟ್ಟವು ಬಿಸಿಲಿಗೆ ಹೊಳೆಯುತ್ತಿದ್ದವು.

"ಪುಣ್ಯವಂತೆಯವ್ವ ನೀನು. ಏನೂ ಹೋಗಿಲ್ಲವಲ್ಲ?" ಎಂದ ವರ್ತಕ.

"ಕೆಳಗಿನ ಕೇರಿಯ ಕೈಗಳು ಹೋದವು" ಎಂದಳು ಅವಳು, ತಲೆಯೆತ್ತದೆ.

ವರ್ತಕ ನಿಂತಲ್ಲೇ ಪಟ್ಟಿ ತಿರುವಿದ. "ಮನುಷ್ಯರನ್ನು ಬರೆಯಲು ಬೇರೆಯವರಿದ್ದಾರೆ ತಾಯಿ. ನಾನು ಅಂಗಡಿ ಬರೆಯುವವನು. ನಿನ್ನ ಅಂಗಡಿಗೆ ಏನು ಬೇಕು, ಹೇಳು."

ಬಳೆಗಾರ್ತಿ ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ. "ಏನೂ ಬೇಡ" ಎಂದಳು.

ಅವನು 'ಬಳೆಗಾರ್ತಿ, ನಷ್ಟವಿಲ್ಲ' ಎಂದು ಬರೆದುಕೊಂಡು ಮುಂದಿನ ಅಂಗಡಿಗೆ ಹೋದ.

ಅತ್ತ ಗುಡ್ಡದಲ್ಲಿ ಇನ್ನೊಬ್ಬ ಬರೆಯುತ್ತಿದ್ದ. ತಲೆಯ ಮೇಲೆ ಹುಲ್ಲು, ಹೊಟ್ಟೆಗೆ ಕಾಳು, ಮೈಗೆ ಕಂಬಳಿ. ಅವನೂ ಒಳ್ಳೆಯವನೇ. ಕೆಳಗಿನ ಕೇರಿಯವರು ಅವನಿಗೆ ತಮ್ಮ ಬಾನಿಗಳ ವಿಷಯ ಹೇಳಿದರು. ಬಾನಿಗಳು ಹೂಳು ತುಂಬಿ ನೆಲದಲ್ಲಿ ಮುಚ್ಚಿಹೋಗಿವೆ, ಅವನ್ನು ತೆಗೆಸಿಕೊಟ್ಟರೆ ಸಾಕು, ನಮ್ಮ ಅನ್ನ ನಾವು ದುಡಿಯುತ್ತೇವೆ ಎಂದರು. ಅವನು ಯೋಚಿಸಿದ. ಬಾನಿ ಮನೆಯಲ್ಲ, ಹಾಗಾಗಿ ತನ್ನ ಪಟ್ಟಿಗೆ ಸೇರದು. ಪೇಟೆಯ ಪಟ್ಟಿಯವನು ಬರೆದುಕೊಂಡಿರುತ್ತಾನೆ ಎಂದುಕೊಂಡ. ಪೇಟೆಯವನಿಗೆ ಬಾನಿ ಅಂಗಡಿಯಲ್ಲ. ಹೀಗೆ ಎರಡು ಪಟ್ಟಿ ನಡೆದವು, ಬಾನಿ ಎರಡರ ನಡುವೆ ಹೂತೇ ಇತ್ತು.

ಬಳೆಗಾರ್ತಿ ಬಳೆಗಳನ್ನೆಲ್ಲ ತೊಳೆದು ಮುಗಿಸಿದಳು. ಆಮೇಲೆ ಗೋಡೆ, ಆಮೇಲೆ ಬಾಗಿಲ ನಿಲುವು. ಕೆಸರು ಹೋದ ಮೇಲೆ ನಿಲುವಿನಲ್ಲಿ ಐದು ಬೆರಳಿನ ನೀಲಿ ಹಾಗೇ ಇತ್ತು. ಆರು ದಿನ ನೀರಿನಲ್ಲಿ ನಿಂತರೂ ಹೋಗಿರಲಿಲ್ಲ. ಅವಳು ಅದರ ಸುತ್ತ ತೊಳೆದಳು.

ಸಂಜೆಯಾದರೆ ಒಂದು ದೀಪ ಹಚ್ಚಿ, ಬಾಗಿಲು ಅರ್ಧ ತೆರೆದು, ಕೆಳಗಿಳಿಯುವ ಮೆಟ್ಟಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅದು ಅವರು ಬರುವ ಹೊತ್ತು. ಮೊದಲು ಬಳೆಗಳ ಸದ್ದು ಬರುತ್ತಿತ್ತು, ಆಮೇಲೆ ಬೈಗುಳ ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು, ಎಲ್ಲಕ್ಕಿಂತ ಕೊನೆಗೆ ಹೆಂಗಸರು ಬರುತ್ತಿದ್ದರು. ಯಾರ ಬಳೆಯ ಸದ್ದು ಯಾರದೆಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು. ಈಗ ಮೆಟ್ಟಿಲು ಬರಿದಾಗಿತ್ತು. ಎರಡು ಹರದಾರಿ ಏನು ಮಹಾ ದೂರ, ಬರುವ ಮನಸ್ಸಿದ್ದರೆ ಬರುತ್ತಾರೆ ಎಂದುಕೊಂಡಳು. ಒಂದು ತಿಂಗಳಾಯಿತು. ಮರೆತರು ಎಂದುಕೊಂಡಳು. ಮರೆತವರನ್ನು ಹುಡುಕಿಕೊಂಡು ಹೋಗುವವಳು ನಾನಲ್ಲ ಎಂದುಕೊಂಡಳು. ಮರುದಿನ ಮತ್ತೆ ದೀಪ ಹಚ್ಚಿದಳು. ಗೂಟದ ಮೇಲೆ ಮಲಾರ ತೂಗುತ್ತಿತ್ತು. ಅದರ ಕಡೆ ಒಮ್ಮೊಮ್ಮೆ ನೋಡುವಳು. ನೋಡಿ ಮುಖ ತಿರುಗಿಸುವಳು.

ದೀಪಾವಳಿಗೆ ಹತ್ತು ದಿನ ಇರುವಾಗ ಪೇಟೆ ತೆರೆಯಿತು. ಕೇಳಿದವರಿಗೆ ಕೇಳಿದ್ದು ಬಂದಿತ್ತು. ಡೊಳ್ಳು ಬಾರಿಸಿದರು, ತೋರಣ ಕಟ್ಟಿದರು. ಅಂಗಡಿಗಳು ಹಿಂದೆಂದೂ ಇಲ್ಲದಷ್ಟು ತುಂಬಿದ್ದವು. ಮೇಲಿನ ಕೇರಿಯವರು ಒಂದು ದಿನ ಬಂದು, ತಿಂಗಳಿಗಾಗುವಷ್ಟು ಕೊಂಡು, ಹೋದರು. ದಿನಕ್ಕೊಂದು ಹಿಡಿ ಬೆಲ್ಲ, ದಿನಕ್ಕೊಂದು ಕುಡಿಕೆ ಎಣ್ಣೆ ಎಂದು ಬರುತ್ತಿದ್ದವರು ಕೆಳಗಿನ ಕೇರಿಯವರು. ಆ ದಾರಿಯಲ್ಲಿ ಯಾರೂ ಇಲ್ಲ.

ಎರಡನೆಯ ದಿನ ಎಣ್ಣೆಯವನು ಅಂಗಡಿ ತೆರೆದ ಶಕುನ ಕೆಡಬಾರದೆಂದು ಬೆಲ್ಲದವನಲ್ಲಿ ಬೆಲ್ಲ ಕೊಂಡ. ಬೆಲ್ಲದವನು ಅದಕ್ಕೆ ಮುಯ್ಯಿಯಾಗಿ ಎಣ್ಣೆ ಕೊಂಡ. ಇಬ್ಬರೂ ಹೋಗಿ ಬಟ್ಟೆಯವನಲ್ಲಿ ಬಟ್ಟೆ ಕೊಂಡರು. ಬಟ್ಟೆಯವನು ಬಂದು ಎಣ್ಣೆ, ಬೆಲ್ಲ ಎರಡನ್ನೂ ಕೊಂಡ. ವಾರದ ಹೊತ್ತಿಗೆ ಬೆಲ್ಲದವನ ಮನೆಯಲ್ಲಿ ಎಣ್ಣೆ, ಎಣ್ಣೆಯವನ ಮನೆಯಲ್ಲಿ ಬೆಲ್ಲ ಇಡಲು ಜಾಗವಿರಲಿಲ್ಲ. ಎಂಟನೆಯ ದಿನ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಧಾನ್ಯದ ವರ್ತಕ ಪಟ್ಟಿಯನ್ನು ತಂದು ಮತ್ತೆ ಅಂಗಡಿ ಅಂಗಡಿ ನೋಡಿದ. ಬರೆದದ್ದೆಲ್ಲ ಬಂದಿತ್ತು. ಒಂದೂ ತಪ್ಪಿರಲಿಲ್ಲ. ಪೇಟೆ ಮಾತ್ರ ಎದ್ದಿರಲಿಲ್ಲ. ಸಂಜೆ ದೀಪ ಕಂಡು ಬಳೆಗಾರ್ತಿಯ ಬಾಗಿಲಿಗೆ ಬಂದ.

"ಗಾಜಿದೆ, ಗೂಡಿದೆ, ನೀನಿದ್ದೀಯ. ಬಾಗಿಲೇಕೆ ಅರ್ಧ?" ಎಂದ.

ಅವನ ಕಣ್ಣೂ ಮೆಟ್ಟಿಲ ಕಡೆ ಹೋದದ್ದನ್ನು ಅವಳು ಕಂಡಳು. ಅವನೂ ಯಾರದೋ ದಾರಿ ನೋಡುತ್ತಿದ್ದ. ಅವಳು ಒಳಗೆ ಹೋಗಿ ಹಗ್ಗ ತಂದು ಅವನ ಮುಂದೆ ಹಾಕಿದಳು.

"ಇದು ತಂಗೆವ್ವ. ಇದು ಅವಳ ನಾದಿನಿ ಸಾತವ್ವ, ಎಡಗೈ ಒಂದು ನೂಲು ದಪ್ಪ. ಇದು ಹುಸೇನಬಿ, ಹಸಿರು ಬಿಟ್ಟು ಬೇರೆ ತೊಟ್ಟವಳಲ್ಲ. ಇದು ಬಾಳವ್ವ, ಬಾಳಂತನದಲ್ಲಿ ಹೋದಳು. ಇದು ಅವಳ ಮಗಳು." ಅವಳು ಒಂದೊಂದನ್ನೂ ಬೆರಳಿನಿಂದ ಸರಿಸುತ್ತ ಹೋದಳು. "ನಿಮ್ಮ ಪಟ್ಟಿಯಲ್ಲಿ ನನ್ನ ಅಂಗಡಿ ಇದೆ ಸಾವುಕಾರ್ರೆ. ನನ್ನ ಅಂಗಡಿ ಅದಲ್ಲ, ಇದು. ನಿಮ್ಮ ಪೇಟೆಯ ಬೆಲ್ಲ ಯಾರು ತಿನ್ನುತ್ತಿದ್ದರು, ನಿಮ್ಮ ಜೋಳ ಯಾರು ಬೀಸುತ್ತಿದ್ದರು ಎಂದು ನಿಮಗೆ ಗೊತ್ತಿಲ್ಲ. ನನ್ನ ಹತ್ತಿರ ಒಬ್ಬೊಬ್ಬರ ಅಳತೆ ಇದೆ. ನಿಮ್ಮದು ಸುಳ್ಳು ಪಟ್ಟಿ. ನನ್ನ ಹಗ್ಗ ಸುಳ್ಳು ಹೇಳುವುದಿಲ್ಲ."

ವರ್ತಕ ನಾಚಿದ. "ಆ ದಿನ ಯಾಕೆ ಹೀಗೆ ಬಿಡಿಸಿ ಹೇಳಲಿಲ್ಲ?"

"ಆ ದಿನ ನೀವು ನಿಂತುಕೊಂಡು ಕೇಳಿದಿರಿ. ಕೂತಿರಲಿಲ್ಲ."

ಅವನು ಹೊಸ್ತಿಲ ಮೇಲೆ ಕೂತ. "ನಾಳೆ ಗುಡ್ಡಕ್ಕೆ ಹೋಗುತ್ತೇನೆ. ನನಗೆ ಅಲ್ಲಿ ಯಾರ ಗುರುತೂ ಇಲ್ಲ. ನೀನು ಬರುತ್ತೀಯಾ?" ಎಂದ.

ಅವಳು ಗೂಟದ ಕಡೆ ನೋಡಿದಳು. ಮಲಾರ ಹೊತ್ತು ಹೋದರೆ ಮಾತು ಮುರಿಯುತ್ತದೆ. ಬರಿಗೈಯಲ್ಲಿ ಹೋದರೆ ಮುರಿಯುವುದಿಲ್ಲ. ಹಗ್ಗವನ್ನು ಕೊರಳಿಗೆ ಹಾಕಿಕೊಂಡಳು.

ಬೆಳಿಗ್ಗೆ ಹೊರಟು ಇಬ್ಬರೂ ಗುಡ್ಡ ಹತ್ತಿದರು. ಹುಲ್ಲಿನ ಗುಡಿಸಲುಗಳ ಸಾಲು. ಎಲ್ಲರಿಗೂ ಕಂಬಳಿ ಬಂದಿತ್ತು, ಕಾಳು ಬಂದಿತ್ತು. ಕೆಲಸ ಬಂದಿರಲಿಲ್ಲ. ತಂಗೆವ್ವ ಒಂದು ಕಲ್ಲಿನ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬಳೆಗಾರ್ತಿ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಉಗುರುಗಳನ್ನು. ನೀಲಿ ಇಳಿದುಹೋಗಿತ್ತು.

"ಬಂದೆಯಾ? ಬಹಳ ದಿನ ಮಾಡಿದೆ" ಎಂದಳು ತಂಗೆವ್ವ.

"ನಾನು ದಿನಾ ದೀಪ ಹಚ್ಚಿ ಕೂತೆ. ನೀನು ಇಲ್ಲಿ ಕಲ್ಲಿನ ಮೇಲೆ ಮಹಾರಾಣಿಯ ಹಾಗೆ ಕೂತಿದ್ದೀಯ. ಕಾಲು ಮುರಿದಿತ್ತೇನೇ?"

"ಏನು ಹಿಡಿದು ಬರಲಿ ಅಕ್ಕಾ? ಬಂದರೆ ನೀನು ತೊಡಿಸದೆ ಬಿಡುವವಳಲ್ಲ. ಕೊಡಲು ಇಲ್ಲದೆ ತೊಟ್ಟುಕೊಳ್ಳುವವಳು ನಾನಲ್ಲ. ನೀನಾದರೂ ಬರುತ್ತೀಯ ಅಂತ ಕಾದೆ."

"ನಾನು ಯಾರ ಬಾಗಿಲಿಗೂ ಹೋಗುವುದಿಲ್ಲ. ಗೊತ್ತಿಲ್ಲವೇ ನಿನಗೆ?"

"ಗೊತ್ತು. ಅದಕ್ಕೇ ಇಲ್ಲಿ ಬಾಗಿಲು ಇಟ್ಟಿಲ್ಲ, ನೋಡು" ಎಂದು ತಂಗೆವ್ವ ಗುಡಿಸಲು ತೋರಿಸಿದಳು. ನಿಜವಾಗಿ ಅದಕ್ಕೆ ಬಾಗಿಲಿರಲಿಲ್ಲ. ಇಬ್ಬರೂ ನಕ್ಕರು. ನಗುವಾಗ ಬಳೆಯ ಸದ್ದಾಗಲಿಲ್ಲ. ಬಳೆಗಾರ್ತಿ ನಗುವನ್ನು ನಿಲ್ಲಿಸಿದಳು.

"ಕೈ ಕೊಡು" ಎಂದಳು.

ವರ್ತಕನಿಗೆ ತೋರಿಸಬೇಕೆಂದು ಅವಳು ಹಗ್ಗದಿಂದ ತಂಗೆವ್ವನ ಅಳತೆಯ ಬಳೆ ಬಿಚ್ಚಿದಳು. ನೋಡಿ, ಕಣ್ಣು ಮುಚ್ಚಿ ತೊಡಿಸುತ್ತೇನೆ ಎಂದಳು. ಕಣ್ಣು ಮುಚ್ಚಿದಳು. ಹೆಬ್ಬೆರಳು ಮಡಚಿ, ಹಸ್ತ ಒತ್ತಿ, ಬಳೆ ಏರಿಸಿದಳು. ಇಪ್ಪತ್ತಾರು ವರ್ಷ ಆ ಅಳತೆಯ ಬಳೆ ಬೆರಳಿನ ಬುಡದ ಗೆಣ್ಣಿನಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಅಲ್ಲಿ ತಂಗೆವ್ವ "ಅಯ್ಯೋ, ನಿನ್ನ ಕೈ ಸುಡಲಿ" ಎನ್ನುತ್ತಿದ್ದಳು. ಅಲ್ಲಿ ಇವಳು ಏನಾದರೊಂದು ಮಾತು ತೆಗೆದು ಅವಳು ಮರೆಯುವ ಹೊತ್ತಿಗೆ ದಾಟಿಸುತ್ತಿದ್ದಳು. ಆ ದಿನ ಹೇಳಲು ಒಂದು ಮಾತನ್ನು ಅವಳು ಮೊದಲೇ ಸಿದ್ಧ ಮಾಡಿಕೊಂಡಿದ್ದಳು.

ಬಳೆ ಎಲ್ಲೂ ನಿಲ್ಲಲಿಲ್ಲ. ಗೆಣ್ಣು ದಾಟಿತು, ಮಣಿಕಟ್ಟು ದಾಟಿತು, ಮೊಣಕೈವರೆಗೆ ಜಾರಿತು. ತಂಗೆವ್ವ ಕೈ ಇಳಿಸಿದಳು. ಬಳೆ ಹಾಗೆಯೇ ಹೊರಗೆ ಬಂದು ಬಳೆಗಾರ್ತಿಯ ಮಡಿಲಲ್ಲಿ ಬಿತ್ತು.

ಬಳೆಗಾರ್ತಿ ಕಣ್ಣು ತೆರೆಯಲಿಲ್ಲ. ಸಿದ್ಧ ಮಾಡಿಕೊಂಡ ಮಾತು ನಾಲಿಗೆಯ ಮೇಲೇ ಉಳಿಯಿತು. ಆ ಎರಡು ತಿಂಗಳು ತಾನು ಕಾದದ್ದು ಯಾರನ್ನು ಎಂದು ಅವಳಿಗೆ ಆಗ ತಿಳಿಯಿತು. ಹಗ್ಗದಲ್ಲಿ ಇದ್ದ ಹೆಂಗಸನ್ನು ಕಾದಿದ್ದಳು. ಗುಡ್ಡದಲ್ಲಿ ಇದ್ದವಳು ಅಷ್ಟು ದಿನವೂ ಸವೆಯುತ್ತಿದ್ದಳು.

"ನನ್ನ ಹಗ್ಗವೂ ಸುಳ್ಳು ಹೇಳಿತು ಸಾವುಕಾರ್ರೆ" ಎಂದಳು.

"ಹಗ್ಗಕ್ಕೆ ಯಾಕೆ ಬೈಯುತ್ತೀ?" ಎಂದಳು ತಂಗೆವ್ವ. ಬಳೆಯನ್ನು ಎತ್ತಿ, ಸೆರಗಿನಿಂದ ಒರೆಸಿ, ಅವಳ ಕೈಗೆ ಕೊಟ್ಟಳು. "ಇದನ್ನು ಎಲ್ಲಿತ್ತೋ ಅಲ್ಲೇ ಕಟ್ಟು. ನಮ್ಮ ಬಾನಿ ತೆಗೆಸಿಕೊಟ್ಟರೆ ಮತ್ತೆ ಈ ಅಳತೆಗೆ ಬರುತ್ತೇನೆ."

ವರ್ತಕ ಪಟ್ಟಿ ಬಿಚ್ಚಿದ. 'ನಷ್ಟವಿಲ್ಲ' ಎಂದು ಬರೆದಿದ್ದನ್ನು ಹೊಡೆದುಹಾಕಿದ. ಈ ಸಲ ಅವನು ನೆಲದ ಮೇಲೆ ಕೂತಿದ್ದ.

"ಏನು ಬರೆಯಲಿ ತಾಯಿ?" ಎಂದು ಬಳೆಗಾರ್ತಿಯನ್ನು ಕೇಳಿದ.

ಅವಳು ಬಳೆಯನ್ನು ಬೆಳಕಿಗೆ ಹಿಡಿದಳು. ಅದರ ಒಳಗಿನಿಂದ ತಂಗೆವ್ವ ಕಾಣುತ್ತಿದ್ದಳು.

"ಈ ಕೈ ಈ ಬಳೆಯನ್ನು ತುಂಬಬೇಕು ಎಂದು ಬರೆಯಿರಿ. ನನ್ನ ಅಂಗಡಿಗೆ ಅಷ್ಟೇ ಬೇಕು" ಎಂದಳು. "ನಿಮ್ಮ ಪೇಟೆಗೂ ಅಷ್ಟೇ."

ಅವನು ಬರೆದುಕೊಂಡ. ಸಂಜೆ ಇಬ್ಬರೂ ಇಳಿದು ಬಂದರು.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಬೆಲ್ಲದ ವರ್ತಕ ತನ್ನ ಬಾಗಿಲಲ್ಲಿ ನಿಂತು ನೋಡಿದ. ಬಳೆಗಾರ್ತಿ ಮಲಾರವನ್ನು ಗೂಟದಿಂದ ಇಳಿಸಿ ಹೆಗಲಿಗೆ ಹಾಕಿಕೊಂಡಿದ್ದಳು. ಅದರಲ್ಲಿ ಚಿಕ್ಕ ಅಳತೆಯ ಬಳೆಗಳನ್ನು ಪೋಣಿಸಿದ್ದಳು. ಹುಡುಗಿಯರು ತೊಡುವಷ್ಟು ಚಿಕ್ಕವು.

"ಏನವ್ವ, ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದಿದ್ದೆಯಲ್ಲ?" ಎಂದ.

"ಅಲ್ಲಿ ಬಾಗಿಲಿಲ್ಲ" ಎಂದಳು ಅವಳು. "ನೀನೂ ಒಂದು ಉಂಡೆ ಬೆಲ್ಲ ಕೊಡು, ಮನೆ ತುಂಬ ಇಟ್ಟುಕೊಂಡಿದ್ದೀಯಲ್ಲ."

ಅವನು ಒಂದಲ್ಲ, ಒಂದು ಚೀಲ ತಂದುಕೊಟ್ಟ. ಅದನ್ನು ಯಾರು ಹೊರಬೇಕೆಂದು ಅವಳು ಅವನ ಮುಖ ನೋಡಿದಳು. ಅವನೇ ಹೊತ್ತ.

ಆ ದಿನ ಅವಳು ಗುಡ್ಡದಲ್ಲಿ ಎಲ್ಲ ಕೈಗಳಿಗೂ ಬಳೆ ತೊಡಿಸಿದಳು. ಒಂದೊಂದು ಕೈಯನ್ನೂ ಮಡಿಲಿಗೆ ಎಳೆದುಕೊಂಡು, ಹಿಡಿದು, ನೋಡಿ, ತೊಡಿಸಿದಳು. ಆದರೆ ಆ ಹೊಸ ಅಳತೆಗಳಲ್ಲಿ ಒಂದನ್ನೂ ಹಗ್ಗಕ್ಕೆ ಕಟ್ಟಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹತ್ತಿಯ ಎಳೆ ತೆಗೆದು ಮತ್ತೆ ಬತ್ತಿ ಹೊಸೆಯತೊಡಗಿದರು.

ಶಿಷ್ಯ ಕಾದ. ಅವನ ಬೆರಳು ಪಟ್ಟಿಯಲ್ಲಿ ಕ್ಷೌರಿಕನ ಹೆಸರಿದ್ದ ಜಾಗದಲ್ಲಿತ್ತು.

"ಬಾನಿ ತೆಗೆಸಿದರೇ ಗುರುಗಳೇ? ತಂಗೆವ್ವನ ಕೈ ಮತ್ತೆ ಆ ಅಳತೆಗೆ ಬಂತೇ?" ಎಂದು ಕೇಳಿದ.

ಗುರುಗಳು ತಲೆಯೆತ್ತಿ ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದರು.

"ಮುಗಿಯಿತು ಎಂದೆಯಲ್ಲ, ನಿನ್ನ ಪಟ್ಟಿ ಯಾವ ಕೈಯನ್ನು ಹಿಡಿದು ನೋಡಿ ಬರೆದದ್ದು?"